ಬೆರಳಿನ ತಪ್ಪೋ, ಗುಂಡಿಯ ತಪ್ಪೋ?

ಆಟವೆಂದರೆ ಮಕ್ಕಳ ಸಂಗತಿ ಎಂದು ಹಿರಿಯರಾದ ನಾವು ಅದನ್ನು ಬದಿಗೆ ಸರಿಸುವುದು ವಾಡಿಕೆ. ನಾನೂ ಹಾಗೆಯೇ ಇದ್ದೆ. ಕಳೆದ ಬೇಸಗೆಯ ರಜೆಯಲ್ಲಿ ತಂಗಿಯ ಮಗ ಕಂಪ್ಯೂಟರಿನ ಮುಂದೆ ಕುಳಿತು ಯಾವುದೋ ನೆಗೆತದ ಆಟ ಆಡುತ್ತಿದ್ದ. "ಮಾವಾ, ನಾನು ಗುಂಡಿ ಒತ್ತಿದೆ, ಅದು ಹಾರಲೇ ಇಲ್ಲ" ಎಂದು ಅಳುದನಿಯಲ್ಲಿ ದೂರಿದ. "ನೀನೇ ತಡಮಾಡಿ ಒತ್ತಿರಬೇಕು" ಎಂದೆ. ತಪ್ಪು ಹುಡುಗನದೇ ಎನ್ನುವುದು ಮೇಷ್ಟರ ನಾಲಿಗೆಗೆ ಅಂಟಿದ ಅಭ್ಯಾಸ. ಆಮೇಲೆ ನಾನೇ ಆಡಿ ನೋಡಿದೆ. ಹತ್ತು ಸಲವೂ ಹಳ್ಳಕ್ಕೆ ಬಿದ್ದೆ.

ಕಟ್ಟೆಯಿಂದ ಕಟ್ಟೆಗೆ ಹಾರುತ್ತ ಸಾಗುವ ಇಂಥವನ್ನು ಪ್ಲಾಟ್‌ಫಾರ್ಮ್ ಆಟಗಳೆನ್ನುತ್ತಾರೆ. ದೊಡ್ಡ ಸಂಸ್ಥೆಗಳ ಹಂಗಿಲ್ಲದೆ ಕೆಲವೇ ಮಂದಿ ಸೇರಿ ರಚಿಸಿದರೆ ಅದು ಇಂಡಿ ಆಟ. ಸಾಮಾನ್ಯವಾಗಿ ತೆರೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಸರಿದುಹೋಗುತ್ತವೆ. ಕಟ್ಟೆಯ ಅಂಚು ದಾಟಿದ ಮೇಲೆ ಒಂದೇ ಒಂದು ಚಿತ್ರದಷ್ಟು ತಡವಾಗಿ ಗುಂಡಿ ಒತ್ತಿದರೂ, ಯಂತ್ರದ ಲೆಕ್ಕದಲ್ಲಿ ನಾವು ಆಗಲೇ ಗಾಳಿಯಲ್ಲಿದ್ದೇವೆ. ಹಾರುವ ಹಕ್ಕು ಹೋಯಿತು. ಕಣ್ಣಿಗಾದರೋ ಕಾಲು ಇನ್ನೂ ಅಂಚಿನ ಮೇಲೆಯೇ ಇದ್ದಂತೆ ಕಾಣುತ್ತದೆ. ಜಗಳ ಹುಟ್ಟುವುದು ಇಲ್ಲಿ.

2018ರಲ್ಲಿ ಬಂದ 'ಸೆಲೆಸ್ಟ್' ಎಂಬ ಆಟದವರು ಈ ಜಗಳವನ್ನು ಚೆನ್ನಾಗಿ ಬಿಡಿಸಿದ್ದಾರೆ. ಮ್ಯಾಡಲಿನ್ ಎಂಬ ಹುಡುಗಿ ಬೆಟ್ಟ ಹತ್ತುವ ಕಥೆ ಅದು. ಅವಳು ಅಂಚು ಬಿಟ್ಟ ಮೇಲೂ ಸುಮಾರು ಸೆಕೆಂಡಿನ ಹತ್ತನೆಯ ಒಂದು ಪಾಲು ಹೊತ್ತು ನೆಗೆತಕ್ಕೆ ಅವಕಾಶವಿದೆ. ಇದಕ್ಕೆ 'ಕೊಯೋಟಿ ಟೈಮ್' ಎಂದು ಹೆಸರು. ಅಮೆರಿಕದ ವ್ಯಂಗ್ಯಚಿತ್ರಗಳಲ್ಲಿ ತೋಳದಂಥ ಒಂದು ಪ್ರಾಣಿ ಕಮರಿಯ ಮೇಲೆ ಓಡುತ್ತಲೇ ಇದ್ದು, ಕೆಳಗೆ ನೋಡಿದಾಗ ಮಾತ್ರ ಬೀಳುತ್ತದಲ್ಲ, ಅದರಿಂದ ಬಂದ ಮಾತು. ನೆಲ ಮುಟ್ಟುವ ಮೊದಲೇ ಅವಸರದಿಂದ ಒತ್ತಿದರೂ ಆಟವು ಅದನ್ನು ಕ್ಷಣಕಾಲ ನೆನಪಿಟ್ಟುಕೊಂಡು, ನೆಲ ಮುಟ್ಟಿದೊಡನೆ ಹಾರಿಸುತ್ತದೆ. ಬೇಕಾದವರು ಆಟದ ವೇಗವನ್ನೇ ತಗ್ಗಿಸಿಕೊಳ್ಳಬಹುದು. ಇಷ್ಟಾದರೂ ಆ ಬೆಟ್ಟ ಸುಲಭವಲ್ಲ. ನೂರಾರು ಸಲ ಬೀಳದೆ ತುದಿ ಮುಟ್ಟುವವರು ವಿರಳ.

ಇದಕ್ಕೆ ವಿರುದ್ಧವಾದ ಮಾದರಿಯೂ ಉಂಟು. 2017ರಲ್ಲಿ ಬೆನೆಟ್ ಫಾಡಿ ಎಂಬವರು ರಚಿಸಿದ 'ಗೆಟಿಂಗ್ ಓವರ್ ಇಟ್' ಆಟದಲ್ಲಿ, ಕೊಪ್ಪರಿಗೆಯೊಳಗೆ ಕುಳಿತವನೊಬ್ಬ ಕೈಯ ಸುತ್ತಿಗೆಯೊಂದನ್ನೇ ಊರಿ ಬೆಟ್ಟ ಹತ್ತಬೇಕು. ಜಾರಿದರೆ ಗಂಟೆಗಳ ಶ್ರಮ ಮಣ್ಣುಪಾಲು. ಆದರೆ ಅಲ್ಲಿ ಮೋಸವಿಲ್ಲ. ಪೀಡಿಸುವುದೇ ತಮ್ಮ ಉದ್ದೇಶವೆಂದು ಕರ್ತೃವೇ ಬಾಯಿಬಿಟ್ಟು ಹೇಳುತ್ತಾರೆ. ಆಡುವವನು ಒಪ್ಪಿಯೇ ಕೂತಿರುತ್ತಾನೆ. ಕಠಿನವಾಗಿರುವುದು ಬೇರೆ, ಕಿವಿಗೊಡದಿರುವುದು ಬೇರೆ ಎಂಬುದು ನನಗೆ ಆಗ ತಿಳಿಯಿತು.

ತಿಳಿದಾಗ ಹಳೆಯ ವಿದ್ಯಾರ್ಥಿಯೊಬ್ಬ ನೆನಪಾದ. ಪದ್ಯದ ಅರ್ಥವನ್ನು ತರಗತಿಯಲ್ಲಿ ಅವನಂತೆ ಹೇಳುವವರಿರಲಿಲ್ಲ. ಬರೆಯುವಾಗ ಮಾತ್ರ ಮಹಾಪ್ರಾಣಗಳು ಅಲ್ಪಪ್ರಾಣಗಳಾಗುತ್ತಿದ್ದವು. ಕೆಂಪು ಶಾಯಿಯಲ್ಲಿ ಉತ್ತರಕ್ಕೆ ಉತ್ತರವನ್ನೇ ಹೊಡೆದುಹಾಕಿದೆ. ಮುಂದೆ ಅವನು ತರಗತಿಯಲ್ಲಿ ಬಾಯಿಬಿಡುವುದನ್ನೇ ನಿಲ್ಲಿಸಿದ. ಅವನು ಅಂಚಿನಿಂದ ಒಂದು ಕೂದಲೆಳೆಯಷ್ಟು ಆಚೆಗೆ ಹೋಗಿದ್ದ, ಅಷ್ಟೆ. ಹಳ್ಳವನ್ನು ನಾನು ಮುಚ್ಚಬೇಕಾಗಿರಲಿಲ್ಲ. ಒಂದು ಕ್ಷಣ ತಾಳಿದ್ದರೆ ಸಾಕಾಗಿತ್ತು.

ಈಗ ಕಾಗುಣಿತದ ತಪ್ಪಿಗೆ ಗೆರೆ ಎಳೆಯುತ್ತೇನೆ, ಅಂಕವನ್ನೂ ಕಳೆಯುತ್ತೇನೆ. ಆದರೆ ಉತ್ತರವನ್ನು ಕೊನೆಯವರೆಗೆ ಓದಿದ ಮೇಲೆ. ತಂಗಿಯ ಮಗನಿಗೂ ಆ ಸಂಜೆಯೇ ಹೇಳಿದೆ: "ನೀನು ಸರಿಯಾಗಿಯೇ ಒತ್ತಿದ್ದೆಯಪ್ಪಾ."