ಕಾಲುವೆಯಾಗಬೇಕಿದ್ದ ದಾರಿ



ಹನಿ ನೀರು ನಿಲ್ಲದ ಗುಡ್ಡದ ನೆತ್ತಿಯ ಮೇಲೆ ದೋಣಿ ಸಾಗಿಸುವ ಕಾಲುವೆ ತೋಡಬೇಕು ಎಂದು ಲೆಕ್ಕ ಹಾಕಿದವರು ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಇದ್ದರು. ಕಾಲುವೆ ಆಗಲಿಲ್ಲ. ಅದರ ಬದಲು ರೈಲು ಬಂತು, ಬಂದ ರೈಲು ಹೋಯಿತು, ಇವತ್ತು ಅದೇ ದಾರಿಯಲ್ಲಿ ಜನ ಸೈಕಲ್ ತುಳಿಯುತ್ತಾರೆ. ಕಾರಿಲ್ಲ, ಲಾರಿಯಿಲ್ಲ, ಹಾರ್ನಿನ ಕಾಟವಿಲ್ಲ. ಚಕ್ರದ ಕೆಳಗೆ ಸಣ್ಣ ಜಲ್ಲಿ. ಗ್ರಾವೆಲ್ ಬೈಕಿಂಗ್ ಎಂದು ಈಗ ಎಲ್ಲೆಡೆ ಕೇಳಿಬರುವ ಹವ್ಯಾಸಕ್ಕೆ ಹೇಳಿ ಮಾಡಿಸಿದಂಥ ಜಾಗ ಅದು. ಆದರೆ ಹೇಳಿದವರೂ ಇಲ್ಲ, ಮಾಡಿಸಿದವರೂ ಇಲ್ಲ. ಯಾವುದೋ ಕೆಲಸಕ್ಕೆ ಕಟ್ಟಿದ ದಾರಿ ಇನ್ಯಾವುದೋ ಸುಖಕ್ಕೆ ಒದಗಿತು, ಅಷ್ಟೆ.

ಜಾಗದ ಹೆಸರು ವೈಟ್ ಪೀಕ್. ಡರ್ಬಿಗೂ ಮ್ಯಾಂಚೆಸ್ಟರ್‌ಗೂ ನಡುವೆ, ಸಮುದ್ರಮಟ್ಟದಿಂದ ಸುಮಾರು ಸಾವಿರ ಅಡಿ ಮೇಲಿರುವ ಸುಣ್ಣಕಲ್ಲಿನ ಪ್ರಸ್ಥಭೂಮಿ. ಮಳೆಗೇನೂ ಕೊರತೆಯಿಲ್ಲ, ಆದರೆ ಬಿದ್ದ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ. ಅಂಚಿನಲ್ಲಿ ಹರಿಯುವ ಮ್ಯಾನಿಫೋಲ್ಡ್ ನದಿಯೇ ಬೇಸಿಗೆಯಲ್ಲಿ ನೆಲದೊಳಗೆ ನುಗ್ಗಿ ಮೈಲಿಗಟ್ಟಲೆ ಆಚೆ ತಲೆಯೆತ್ತುತ್ತದೆ. ಮೇಲೆ ಕುರಿ ಮೇಯುವ ಹುಲ್ಲು, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಹೊಂದಿಸಿ ಕಟ್ಟಿದ ಗೋಡೆಗಳು, ಅಲ್ಲಲ್ಲಿ ಕಲ್ಲುಗಣಿ.

ಈ ಗುಡ್ಡದ ಒಂದು ಬುಡದಲ್ಲಿ ಕ್ರಾಮ್‌ಫರ್ಡ್ ಕಾಲುವೆ, ಇನ್ನೊಂದು ಬುಡದಲ್ಲಿ ಪೀಕ್ ಫಾರೆಸ್ಟ್ ಕಾಲುವೆ. ಕ್ರಾಮ್‌ಫರ್ಡ್ ಎಂದರೆ 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ನೀರಿನ ಬಲದಿಂದ ನೂಲುವ ಗಿರಣಿ ಶುರುಮಾಡಿದ ಊರು. ಎರಡು ಕಾಲುವೆಗಳನ್ನು ಕೂಡಿಸಿದರೆ ಕಲ್ಲಿದ್ದಲು, ಸುಣ್ಣ, ಹತ್ತಿ ಎಲ್ಲವೂ ಸಲೀಸಾಗಿ ಆಚೀಚೆ ಹೋಗಬಹುದಿತ್ತು. ಆದರೆ ಆ ಒಣನೆತ್ತಿಯ ಮೇಲೆ ಕಾಲುವೆಗೆ ನೀರು ತರುವುದೆಲ್ಲಿಂದ? ಎಂಜಿನಿಯರ್ ಜೋಸಯಸ್ ಜೆಸಪ್ ರೈಲುದಾರಿಯ ನಕ್ಷೆ ಮಾಡಿದರು. 1825ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆ ಸಿಕ್ಕಿತು. 33 ಮೈಲಿ ಉದ್ದದ ಕ್ರಾಮ್‌ಫರ್ಡ್ ಮತ್ತು ಹೈ ಪೀಕ್ ರೈಲ್ವೆ 1830ರಲ್ಲಿ ಅರ್ಧ, 1831ರಲ್ಲಿ ಪೂರ್ತಿ ತೆರೆಯಿತು.

ರೈಲು ಎಂದರೂ ಕಟ್ಟಿದವರ ತಲೆಯಲ್ಲಿ ಇದ್ದದ್ದು ಕಾಲುವೆಯೇ. ನಿಲ್ದಾಣಗಳನ್ನು ಅವರು ಕರೆದದ್ದು ವಾರ್ಫ್ ಎಂದು, ಅಂದರೆ ದೋಣಿಕಟ್ಟೆ. ಕಾಲುವೆಯಲ್ಲಿ ನೀರು ಮಟ್ಟಸವಾಗಿ ಸಾಗಿ, ಎತ್ತರ ಬದಲಾಗುವಲ್ಲಿ ಮಾತ್ರ ಲಾಕ್ ಬಾಗಿಲುಗಳ ಮೂಲಕ ಏರಿಳಿಯುತ್ತದಲ್ಲ, ಇಲ್ಲಿಯೂ ಹಾಗೆಯೇ: ಗುಡ್ಡದ ಮಡಿಲು ಹಿಡಿದು ಮೈಲಿಗಟ್ಟಲೆ ಹೆಚ್ಚುಕಡಿಮೆ ಸಮತಟ್ಟು, ಆಮೇಲೆ ಒಮ್ಮೆಲೇ ಕಡಿದಾದ ಏರು. ಸಮತಟ್ಟಿನಲ್ಲಿ ಕುದುರೆ ಎಳೆಯುತ್ತಿತ್ತು. ಏರಿನಲ್ಲಿ ಕುದುರೆಯ ಆಟ ನಡೆಯದು. ನೆತ್ತಿಯ ಮೇಲೆ ಉಗಿಯಂತ್ರ ಕೂರಿಸಿ, ಮೊದಲು ಸರಪಳಿ, ಆಮೇಲೆ ಉಕ್ಕಿನ ಹಗ್ಗ ಕಟ್ಟಿ, ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ ಒಂದು ಸಾಲು ಗಾಡಿ ಇಳಿಯುವಾಗ ಇನ್ನೊಂದು ಸಾಲನ್ನು ಮೇಲೆಳೆಯುತ್ತಿದ್ದರು. ಬಟರ್ಲಿ ಕಂಪನಿ ಮಾಡಿದ ಅಂಥ ಯಂತ್ರಗಳು ಮಿಡಲ್ಟನ್ ಟಾಪ್ ಎಂಬಲ್ಲಿ ತಮ್ಮ ಕಲ್ಲುಕಟ್ಟಡದೊಳಗೆ ಇವತ್ತಿಗೂ ಇವೆ.

ಈ ಲೆಕ್ಕಾಚಾರವನ್ನು ಇವತ್ತು ಮೊದಲು ಗುರುತಿಸುವುದು ಸೈಕಲ್ ತುಳಿಯುವವರ ಮೊಣಕಾಲು. ಮಿಡಲ್ಟನ್ ಟಾಪ್‌ನಿಂದ ಪಶ್ಚಿಮಕ್ಕೆ ಹೊರಟರೆ ಹಾಪ್ಟನ್ ಏರೊಂದನ್ನು ದಾಟಿದ ಮೇಲೆ ಗೇರು ಬದಲಿಸುವ ಗೋಜೇ ಕಡಿಮೆ. ಆ ಹಾಪ್ಟನ್ ಏರು 14ಕ್ಕೆ 1. ಹಗ್ಗದ ನೆರವಿಲ್ಲದೆ ಸಾಮಾನ್ಯ ರೈಲು ಎಂಜಿನ್ ಹತ್ತುತ್ತಿದ್ದ ಬ್ರಿಟನ್ನಿನ ಅತಿ ಕಡಿದಾದ ಏರು ಅದೇ. ಮುಂದೆ ಗೋಥಂ ತಿರುವು. ಅದರ ತ್ರಿಜ್ಯ ಬರೀ 55 ಗಜ. ರೈಲಿಗೆ ಅಷ್ಟು ಇಕ್ಕಟ್ಟಿನ ತಿರುವು, ಸೈಕಲ್ಲಿಗೋ ತಿರುವು ಎಂದು ಹೇಳಿದ ಮೇಲೇ ತಿಳಿಯಬೇಕು. ಮಿನಿಂಗ್‌ಲೋ ಹತ್ತಿರದ ಎತ್ತರದ ಏರಿಯನ್ನು ಕೆಳಗೆ ನಿಂತು ನೋಡಿದರೆ ಕೋಟೆಗೋಡೆಯೇ. ಪಕ್ಕದ ಗುಡ್ಡದ ಮೇಲೆ ನವಶಿಲಾಯುಗದ ಸಮಾಧಿ, ಅದರ ಸುತ್ತ ಬೀಚ್ ಮರಗಳ ಗುಂಪು.

ಅದೇ ಮಿಡಲ್ಟನ್ ಟಾಪ್‌ನಿಂದ ಪೂರ್ವಕ್ಕೆ ಇಳಿದರೆ ಮಾತು ಬೇರೆ. ಇಳಿಜಾರು ಎಂಟಕ್ಕೆ ಒಂದು, ಎಂದರೆ ಎಂಟಡಿ ಮುಂದೆ ಹೋದರೆ ಒಂದಡಿ ಕೆಳಗೆ. ಸಡಿಲ ಜಲ್ಲಿಯ ಮೇಲೆ ಹಿಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ಮುಂದಿನದನ್ನು ಹಿಡಿದರೆ ಸವಾರನೇ ಮುಂದೆ ಹಾರುತ್ತಾನೆ. ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ನಾಚಿಕೆಯೇನಿಲ್ಲ. ಅದರ ಕೆಳಗಿನ ಶೀಪ್ ಪ್ಯಾಶ್ಚರ್ ಇಳಿಜಾರಿನಲ್ಲಿ 1888ರಲ್ಲಿ ಕೊಂಡಿ ಕಳಚಿಕೊಂಡ ಗಾಡಿ ಕೆಳಗಿನ ತಿರುವಿನಲ್ಲಿ ನಿಲ್ಲದೆ, ಕಾಲುವೆಯನ್ನೂ ಅದರಾಚೆಯ ಜೋಡಿ ರೈಲುಹಳಿಯನ್ನೂ ಹಾರಿ ಹೋಗಿತ್ತು. ಆಮೇಲೆ ಓಡಿಬರುವ ಗಾಡಿಗಳು ಬೀಳಲೆಂದೇ ಒಂದು ಗುಂಡಿ ತೋಡಿದರು. ಗುಂಡಿ ಹಾಗೆಯೇ ಇದೆ, ಅದರಲ್ಲಿ ಮುರಿದ ವ್ಯಾಗನ್ ಒಂದೂ ಇದೆ. ದಾರಿಹೋಕರು ಬಗ್ಗಿ ನೋಡುತ್ತಾರೆ.

1899ರಲ್ಲಿ ಲಂಡನ್ ಮತ್ತು ನಾರ್ತ್ ವೆಸ್ಟರ್ನ್ ರೈಲ್ವೆ ಈ ಹಳೆಯ ದಾರಿಗೆ ಪಾರ್ಸ್ಲಿ ಹೇ ಎಂಬಲ್ಲಿ ಇನ್ನೊಂದನ್ನು ಜೋಡಿಸಿ ದಕ್ಷಿಣದ ಆ್ಯಶ್‌ಬರ್ನ್ ಪೇಟೆಗೆ ಒಯ್ಯಿತು. ಹಳ್ಳಿಗಳ ಹಾಲು ಆ ರೈಲಿನಲ್ಲಿ ಲಂಡನ್ನಿಗೆ ಹೋಗುತ್ತಿತ್ತು. 1904ರಲ್ಲಿ ಮ್ಯಾನಿಫೋಲ್ಡ್ ಕಣಿವೆಯಲ್ಲೊಂದು ಪುಟ್ಟ ರೈಲು, ಎರಡೂವರೆ ಅಡಿ ಅಗಲದ ಹಳಿಯದು, ಶುರುವಾಯಿತು. ಅದರ ಎಂಜಿನಿಯರ್ ಎವರಾರ್ಡ್ ಕಾಲ್ತ್ರಪ್ ನಮಗೆ ದೂರದವರೇನಲ್ಲ: ಸೊಲ್ಲಾಪುರದ ಕಡೆಯ ಬಾರ್ಶಿ ಲೈಟ್ ರೈಲ್ವೆ ಕಟ್ಟಿದವರು, ಅದೇ ಮುಂದೆ ಮಿರಜಿನವರೆಗೆ ಬಂದ ಸಣ್ಣ ಹಳಿ. ಬಾರ್ಶಿಯಲ್ಲಿ ಕಲಿತ ಪಾಠವನ್ನು ಅವರು ಇಂಗ್ಲೆಂಡಿನ ಕಣಿವೆಯಲ್ಲಿ ಬಳಸಿದರು. ಆದರೆ ಅಲ್ಲಿ ಅದು ನಡೆದದ್ದು ಮೂವತ್ತೇ ವರ್ಷ. 1934ರಲ್ಲಿ ಬಾಗಿಲು ಹಾಕಿತು.

ಹಾಳುಬಿದ್ದ ಆ ದಾರಿಯನ್ನು ಸ್ಟಾಫರ್ಡ್‌ಶೈರ್ ಕೌಂಟಿ ಆಡಳಿತ ತನ್ನದಾಗಿಸಿಕೊಂಡು 1937ರಲ್ಲಿ ಜನರ ಓಡಾಟಕ್ಕೆ ತೆರೆಯಿತು. ಹಳಿ ಕಿತ್ತ ನೆಲಕ್ಕೆ ಇನ್ನೊಂದು ಉಪಯೋಗ ಉಂಟು ಎಂಬುದು ಆಗಲೇ ತಿಳಿದಿತ್ತು. ಈಗ ಅದಕ್ಕೆ ಡಾಂಬರು ಹಾಕಿದ್ದಾರೆ, ಜಲ್ಲಿಪ್ರಿಯರಿಗೆ ಅದರಲ್ಲಿ ರುಚಿ ಕಡಿಮೆ.

ನನ್ನ ದೃಷ್ಟಿಯಲ್ಲಿ ಈ ಕಥೆಯ ನಾಯಕರು ಸೈಕಲ್ ತಯಾರಕರೂ ಅಲ್ಲ, ಸವಾರರೂ ಅಲ್ಲ. ಕಡತ ಹಿಡಿದ ಗುಮಾಸ್ತರು. ಆ್ಯಶ್‌ಬರ್ನ್ ದಾರಿಯ ಪ್ರಯಾಣಿಕರ ರೈಲು 1954ರಲ್ಲಿ ನಿಂತಿತು. 1967ರಲ್ಲಿ ಕ್ರಾಮ್‌ಫರ್ಡ್ ದಾರಿಯೂ ಮುಚ್ಚಿತು. ಅದು ನಷ್ಟದ ರೈಲುದಾರಿಗಳನ್ನು ಮುಚ್ಚಿ ಎಂದ ಬೀಚಿಂಗ್ ವರದಿಯ ಕಾಲ, ಬ್ರಿಟನ್ನಿನ ಉದ್ದಗಲಕ್ಕೂ ಹಳಿ ಕೀಳುತ್ತಿದ್ದರು. ಕಿತ್ತ ಮೇಲೆ ಎಷ್ಟೋ ಕಡೆ ನೆಲವನ್ನು ತುಂಡು ತುಂಡಾಗಿ ಪಕ್ಕದ ರೈತರಿಗೆ ಮಾರಿಬಿಟ್ಟರು. ಒಮ್ಮೆ ತುಂಡಾದರೆ ಮತ್ತೆ ಕೂಡಿಸುವುದು ಬ್ರಹ್ಮವಿದ್ಯೆ. ಇಲ್ಲಿ ಹಾಗಾಗಲಿಲ್ಲ. ವೈಟ್ ಪೀಕ್ ಸೇರಿರುವ ಪೀಕ್ ಡಿಸ್ಟ್ರಿಕ್ಟ್ 1951ರಿಂದಲೇ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ. ಅದರ ಮಂಡಳಿ 1968ರಲ್ಲಿ ಆ್ಯಶ್‌ಬರ್ನ್ ದಾರಿಯನ್ನು ಕೊಂಡು 1971ರಲ್ಲಿ ಟಿಸಿಂಗ್ಟನ್ ಟ್ರೇಲ್ ಎಂದು ತೆರೆಯಿತು, 13 ಮೈಲಿ. ಅದೇ ವರ್ಷ ಡರ್ಬಿಶೈರ್ ಕೌಂಟಿಯ ಜೊತೆಗೂಡಿ ಹಳೆಯ ಕ್ರಾಮ್‌ಫರ್ಡ್ ದಾರಿಯನ್ನೂ ಕೊಂಡಿತು. ಅದೇ ಸುಮಾರು 17 ಮೈಲಿಯ ಹೈ ಪೀಕ್ ಟ್ರೇಲ್. ಟಿಸಿಂಗ್ಟನ್ ದಾರಿಯ ಹಾರ್ಟಿಂಗ್ಟನ್ ನಿಲ್ದಾಣದ ಸಿಗ್ನಲ್ ಕೋಣೆಯನ್ನು ಕೆಡವದೆ ಉಳಿಸಿದರು. ಪಾರ್ಸ್ಲಿ ಹೇಯಲ್ಲಿ ಬಾಡಿಗೆ ಸೈಕಲ್ ಸಿಗುತ್ತದೆ.

ಸವಾರರ ಪಾಲೂ ಇದೆಯೆನ್ನಿ. ಟಾರು ರಸ್ತೆಯಲ್ಲಿ ಮೋಟಾರುಗಳು ಹೆಚ್ಚಿದಂತೆ ಕುರಿದಾರಿ, ಕಲ್ಲುದಾರಿ ಹುಡುಕಿಕೊಂಡು ಹೋಗುವ ಸೈಕಲ್ಲಿಗರು 1955ರಲ್ಲೇ ರಫ್ ಸ್ಟಫ್ ಫೆಲೋಶಿಪ್ ಎಂಬ ಸಂಘ ಕಟ್ಟಿಕೊಂಡಿದ್ದರು. ಕುದುರೆದಾರಿಗಳಲ್ಲಿ ಸೈಕಲ್ ಓಡಿಸುವ ಹಕ್ಕು ಕಾನೂನಾಗಿ ಬಂದದ್ದು 1968ರ ಕಂಟ್ರಿಸೈಡ್ ಕಾಯ್ದೆಯಿಂದ. ಅಮೆರಿಕದ ಕಾನ್ಸಾಸಿನ ಎಂಪೋರಿಯಾದಲ್ಲಿ 2006ರಲ್ಲಿ 200 ಮೈಲಿಯ ಜಲ್ಲಿರಸ್ತೆ ಓಟ ಶುರುವಾಗಿ, ಬಾಗಿದ ಹ್ಯಾಂಡಲ್ಲಿಗೆ ದಪ್ಪ ಟೈರು ಸೇರಿಸಿದ ಗ್ರಾವೆಲ್ ಬೈಕ್ ಅಂಗಡಿಗೆ ಬಂದಾಗ, ಆ ಹಳೆಯ ಸಂಘದವರಿಗೆ ನಗು ಬಂದಿದ್ದರೆ ತಪ್ಪಲ್ಲ. ಅವರು ಸಾದಾ ಟೂರಿಂಗ್ ಸೈಕಲ್ಲುಗಳಲ್ಲೇ ಈ ಕೆಲಸ ಮಾಡಿ ಮುಗಿಸಿದ್ದರು.

ಇದರಲ್ಲೊಂದು ವಿಪರ್ಯಾಸವೂ ಇದೆ. ವಾಹನವಿಲ್ಲದ ದಾರಿಯ ಸುಖಕ್ಕೆ ಬರುವವರಲ್ಲಿ ಬಹಳ ಜನ ಬರುವುದು ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡೇ. ರೈಲು ಇದ್ದಿದ್ದರೆ ರೈಲಲ್ಲೇ ಬರಬಹುದಿತ್ತು, ಆದರೆ ರೈಲು ಇದ್ದಿದ್ದರೆ ದಾರಿಯೇ ಇರುತ್ತಿರಲಿಲ್ಲ. ಪಕ್ಕದ ಕಣಿವೆಯ ಮಾನ್ಸಲ್ ಟ್ರೇಲ್‌ನಲ್ಲಿ ಈ ಜಗಳ ನಿಜವಾಗಿಯೇ ನಡೆದಿದೆ. 1968ರಲ್ಲಿ ಮುಚ್ಚಿದ ಆ ರೈಲುದಾರಿಯ ಸುರಂಗಗಳು 2011ರಲ್ಲಿ ಸೈಕಲ್ಲಿಗೆ ತೆರೆದವು. ಈಗ ಅದೇ ದಾರಿಯಲ್ಲಿ ಮ್ಯಾಟ್ಲಾಕ್‌ನಿಂದ ಬಕ್ಸ್‌ಟನ್ನಿಗೆ ಮತ್ತೆ ರೈಲು ಬರಲಿ ಎಂದು ಒತ್ತಾಯಿಸುವವರಿದ್ದಾರೆ. ಅವರ ವಾದದಲ್ಲಿ ಹುರುಳಿದೆ ಎಂದೇ ನನಗನ್ನಿಸುತ್ತದೆ. ಮೇಲಿನ ಪ್ರಸ್ಥಭೂಮಿಗೆ ಆ ಭಯವಿಲ್ಲ: ಎಂಟಕ್ಕೆ ಒಂದರ ಇಳಿಜಾರಿಗೆ ಹಗ್ಗ ಕಟ್ಟಿ, 55 ಗಜದ ತಿರುವಿನಲ್ಲಿ ಮತ್ತೆ ರೈಲು ಓಡಿಸಿ ಎಂದು ಅರ್ಜಿ ಹಿಡಿದು ಬರುವವರು ಸಿಗುವುದು ಕಷ್ಟ.