ಕಾದ ಕಲ್ಲು, ಏಳುವ ಹಬೆ

ಫಿನ್ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ. ಅಲ್ಲಿನ ಸೌನಾಗಳು, ಅಂದರೆ ಹಬೆಸ್ನಾನದ ಕೋಣೆಗಳು, ಹತ್ತಿರಹತ್ತಿರ 30 ಲಕ್ಷ! ಸಂಸತ್ ಭವನದಲ್ಲೂ ಒಂದಿದೆ.

ಹಳೆಯ ಕಾಲದ ಹೊಗೆ ಸೌನಾಕ್ಕೆ ಹೊಗೆಗೂಡೇ ಇಲ್ಲ. ಕಲ್ಲುರಾಶಿಯ ಕೆಳಗೆ ಗಂಟೆಗಟ್ಟಲೆ ಸೌದೆ ಉರಿಸುತ್ತಾರೆ. ಹೊಗೆ ಒಳಗೇ ಸುತ್ತಿ ಗೋಡೆಯೆಲ್ಲ ಕಪ್ಪಿಡುತ್ತದೆ. ಬೆಂಕಿ ಆರಿ, ಹೊಗೆ ಹೊರಹೋದ ಮೇಲೆಯೇ ಜನ ಒಳಗೆ ಕಾಲಿಡುವುದು. ಕಾದ ಕಲ್ಲಿಗೆ ನೀರೆರಚಿದರೆ ಚುಂಯ್ ಎಂದು ಹಬೆ ಏಳುತ್ತದೆ. ಬರ್ಚ್ ಮರದ ಎಲೆಗೊಂಚಲಿನಿಂದ ಮೈಗೆ ಬಡಿದುಕೊಳ್ಳುವುದೂ ಉಂಟು. ಆಮೇಲೆ ಸೀದಾ ಸರೋವರಕ್ಕೆ. ಚಳಿಗಾಲವಾದರೆ ಹಿಮಗಡ್ಡೆ ಕೊರೆದ ಕಿಂಡಿಗೆ! ಹಿಂದೆ ಹೆರಿಗೆಗೂ ಸೌನಾವೇ ಜಾಗ. ಬಿಸಿನೀರು, ಬೆಚ್ಚನೆಯ ಚೊಕ್ಕಟ ಕೋಣೆ ಬೇರೆಲ್ಲಿ ಸಿಗಬೇಕು? ಸತ್ತವರ ಮೈ ತೊಳೆಯುತ್ತಿದ್ದುದೂ ಅಲ್ಲೇ.

ರಷ್ಯನ್ನರ ಹಬೆಸ್ನಾನದ ಮನೆಯಾದ ಬಾನ್ಯಾದಲ್ಲಿ ಶಾಖ ತುಸು ಕಡಿಮೆ, ಹಬೆ ಹೆಚ್ಚು. ಅಲ್ಲಿ ಬಾನ್ನಿಕ್ ಎಂಬ ಮುಂಗೋಪಿ ಭೂತವಿದೆಯೆಂದು ನಂಬಿದ್ದ ಹಳ್ಳಿಗರು ಅದರ ಸ್ನಾನಕ್ಕೂ ಒಂದಿಷ್ಟು ನೀರು ಉಳಿಸಿ ಬರುತ್ತಿದ್ದರು.

ಹಬೆಯಲ್ಲಿ ಪೈಪೋಟಿ ಮಾತ್ರ ಸಲ್ಲದು. 2010ರಲ್ಲಿ ಫಿನ್ಲೆಂಡಿನ ಹೇನೋಲಾದಲ್ಲಿ ವಿಶ್ವ ಸೌನಾ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ರಷ್ಯದ ಸ್ಪರ್ಧಿಯೊಬ್ಬರು ಪ್ರಾಣ ಬಿಟ್ಟರು. ಆ ಸ್ಪರ್ಧೆ ಮತ್ತೆ ನಡೆಯಲಿಲ್ಲ.

ಫಿನ್ಲೆಂಡಿನ ಸೌನಾ ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಟಾಂಪೆರೆ ನಗರದಲ್ಲಿ 1906ರಲ್ಲಿ ಶುರುವಾದ ರಾಯಪೋರ್ಟಿ ಸಾರ್ವಜನಿಕ ಸೌನಾ ಈಗಲೂ ಸೌದೆಯಲ್ಲೇ ಕಾಯುತ್ತದೆ.