ಹಾರಾಟ ಮುಗಿಸಿದ ವಿಮಾನಗಳು



ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತಿರುವ 'ಮಾರುತ' ಯುದ್ಧವಿಮಾನವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಬೆಂಗಳೂರಿನಲ್ಲೇ ರೂಪುಗೊಂಡು, 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿ, 1971ರ ಯುದ್ಧದಲ್ಲಿ ಪಾಲ್ಗೊಂಡ ವಿಮಾನ ಅದು. ಈಗ ಅದು ಹಾರುವುದಿಲ್ಲ. ಹಾಗಾದರೆ ಅದನ್ನು ಏಕೆ ಇಟ್ಟುಕೊಳ್ಳಬೇಕು? ಗುಜರಿಗೆ ಹಾಕಿದರೆ ಒಂದಿಷ್ಟು ಅಲ್ಯೂಮಿನಿಯಂ ಆದರೂ ಸಿಗುತ್ತಿತ್ತಲ್ಲವೇ? ಇದು ತಮಾಷೆಯ ಪ್ರಶ್ನೆಯಲ್ಲ. ಜಗತ್ತಿನ ಬಹುಪಾಲು ಯುದ್ಧವಿಮಾನಗಳ ಗತಿ ಆಗಿರುವುದೇ ಹಾಗೆ.

ಎರಡನೆಯ ಮಹಾಯುದ್ಧದ ಕಾಲದ ಲಿಬರೇಟರ್ ಎಂಬ ಅಮೆರಿಕದ ಬಾಂಬರ್ ವಿಮಾನವನ್ನೇ ತೆಗೆದುಕೊಳ್ಳೋಣ. ಇದಕ್ಕೆ ನಾಲ್ಕು ಎಂಜಿನ್ನುಗಳು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 110 ಅಡಿ. ಇಂಥ 18,000ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಯುದ್ಧ ಮುಗಿದ ಕೂಡಲೇ ಸಾಲುಸಾಲಾಗಿ ಅವನ್ನು ಕತ್ತರಿಸಿ ಕರಗಿಸಿದರು. ಇಂದು ಇಡಿಯಾಗಿ ಉಳಿದಿರುವ ಲಿಬರೇಟರ್‌ಗಳು ಎರಡು ಡಜನ್ ಕೂಡ ಇಲ್ಲ. ಆ ಉಳಿದವುಗಳಲ್ಲಿ ಹಲವು ಉಳಿದದ್ದು ಬೆಂಗಳೂರಿನ ಕೆಲಸಗಾರರ ಕೈಗುಣದಿಂದ ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ಅದು ಆದದ್ದು ಹೀಗೆ. ಅಮೆರಿಕ ಯುದ್ಧಕಾಲದಲ್ಲಿ ಈ ವಿಮಾನಗಳನ್ನು ಬ್ರಿಟಿಷ್ ವಾಯುಪಡೆಗೆ ಒಪ್ಪಂದದ ಮೇಲೆ ಕೊಟ್ಟಿತ್ತು. ಯುದ್ಧಾನಂತರ ಅವನ್ನು ಹಿಂದಿರುಗಿಸಬೇಕು, ಇಲ್ಲವೇ ಮತ್ತೆ ಬಳಕೆಗೆ ಬಾರದಂತೆ ಮಾಡಬೇಕು ಎಂಬುದು ಷರತ್ತು. ಅದರಂತೆ ಕಾನ್ಪುರದಲ್ಲಿ ಹತ್ತಾರು ಲಿಬರೇಟರ್‌ಗಳನ್ನು ಬೇಕೆಂದೇ ಕೆಡಿಸಿ ಬಿಟ್ಟುಹೋಗಿದ್ದರು. ಸ್ವತಂತ್ರ ಭಾರತಕ್ಕೆ ಆಗ ದೊಡ್ಡ ಬಾಂಬರ್‌ಗಳಿರಲಿಲ್ಲ, ಕೊಳ್ಳಲು ಹಣವೂ ಇರಲಿಲ್ಲ. 1948ರಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಈ ಅವಶೇಷಗಳಿಗೆ ಕೈಹಾಕಿದರು. ಯುದ್ಧದ ದಿನಗಳಲ್ಲಿ ಅಮೆರಿಕದ ವಿಮಾನಗಳನ್ನು ದುರಸ್ತಿ ಮಾಡಿದ ಅನುಭವ ಅವರಿಗಿತ್ತು. ಒಂದು ವಿಮಾನದ ಭಾಗವನ್ನು ತೆಗೆದು ಇನ್ನೊಂದಕ್ಕೆ ಜೋಡಿಸಿ, ಹೇಗೋ ಹಾರುವ ಸ್ಥಿತಿಗೆ ತಂದರು. ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್‌ಷೆಡ್ ಮುನ್ಷಿ ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಸಂಪೂರ್ಣ ದುರಸ್ತಿಯಾಗಿ, ಸುಮಾರು 40 ವಿಮಾನಗಳು ಭಾರತೀಯ ವಾಯುಪಡೆಯನ್ನು ಸೇರಿದವು. 1968ರ ಕೊನೆಯವರೆಗೂ ಅವು ದುಡಿದವು.

ಅಷ್ಟು ಹೊತ್ತಿಗೆ ಉಳಿದ ದೇಶಗಳಿಗೆ ತಮ್ಮ ನಷ್ಟದ ಅರಿವಾಗಿತ್ತು. ಭಾರತದಿಂದ ಒಂದು ಲಿಬರೇಟರ್ ಕೆನಡಾಕ್ಕೆ ಹೋಯಿತು. ಬದಲಾಗಿ ಅಲ್ಲಿಂದ ಲೈಸಾಂಡರ್ ಎಂಬ ಹಳೆಯ ವಿಮಾನ ನಮಗೆ ಬಂತು. ಇನ್ನೊಂದು 1969ರಲ್ಲಿ ಅಮೆರಿಕದ ಅರಿಜೋನಾಕ್ಕೆ, ಮತ್ತೊಂದು 1974ರಲ್ಲಿ ಬ್ರಿಟಿಷ್ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಸೇರಿತು. ಒಂದನ್ನು ದೆಹಲಿಯ ಪಾಲಂನಲ್ಲಿರುವ ನಮ್ಮ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆಂದೇ ಇಟ್ಟುಕೊಂಡೆವು. ಅದೇ ಸಂಗ್ರಹದಲ್ಲಿ ವಾಪಿಟಿ ಎಂಬ ವಿಮಾನವೂ ಇದೆ. 1933ರಲ್ಲಿ ನಮ್ಮ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಆರಂಭವಾದದ್ದು ನಾಲ್ಕು ವಾಪಿಟಿಗಳಿಂದ.

ಮಿತ್ರರೇ, ವಿಮಾನವನ್ನು ತಂದು ನಿಲ್ಲಿಸಿದರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ನಿಜವಾದ ಕೆಲಸ ಆರಂಭವಾಗುವುದೇ ಅಲ್ಲಿಂದ. ಕಲ್ಲಿನ ದೇವಾಲಯವನ್ನು ಶತಮಾನಗಳ ಬಾಳಿಕೆಗೆಂದು ಕಟ್ಟುತ್ತಾರೆ. ಯುದ್ಧವಿಮಾನವನ್ನು ಕೆಲವೇ ವರ್ಷಗಳ ಬಳಕೆಗೆಂದು, ಆದಷ್ಟು ಹಗುರವಾಗಿ ಕಟ್ಟುತ್ತಾರೆ. ಅದರ ಮೈ ಅಲ್ಯೂಮಿನಿಯಂ ಮತ್ತು ತಾಮ್ರ ಬೆರೆತ ಮಿಶ್ರಲೋಹದ ತೆಳುವಾದ ತಗಡು. ಅದಕ್ಕೆ ಅಲ್ಲಲ್ಲಿ ಉಕ್ಕಿನ ಬೋಲ್ಟುಗಳು. ಎರಡು ಬೇರೆ ಲೋಹಗಳು ಸೇರುವ ಜಾಗಕ್ಕೆ ತೇವ ತಗುಲಿದರೆ ಏನಾಗುತ್ತದೆ? ನೀವು ಪ್ರಯೋಗಶಾಲೆಯಲ್ಲಿ ನೋಡಿರುವ ವಿದ್ಯುತ್ಕೋಶದಂತೆಯೇ ಅಲ್ಲಿ ರಾಸಾಯನಿಕ ಕ್ರಿಯೆ ನಡೆದು, ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಹೊರಗಿನ ಬಣ್ಣ ಹೊಳೆಯುತ್ತಿದ್ದರೂ ಒಳಗಿನ ಅಸ್ಥಿಪಂಜರ ಸವೆಯುತ್ತಿರುತ್ತದೆ.

ಬಿಸಿಲಿಗೆ ಟೈರುಗಳು ಬಿರಿಯುತ್ತವೆ. ಪೈಲಟ್ ಕೂರುವ ಜಾಗದ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆ ಮಬ್ಬಾಗಿ ಸೀಳುಬಿಡುತ್ತದೆ. ಲಿಬರೇಟರ್‌ನಂಥ ವಿಮಾನಗಳ ಬಾಲದ ಚುಕ್ಕಾಣಿಗೆ ಹೊದಿಸಿರುವ ಬಟ್ಟೆ ಕೊಳೆಯುತ್ತದೆ. ಹಕ್ಕಿಗಳು ಎಂಜಿನ್ನಿನೊಳಗೆ ಗೂಡು ಕಟ್ಟುತ್ತವೆ. ಆದ್ದರಿಂದ ಸಂರಕ್ಷಕರು ಇಂಧನ ಮತ್ತು ಎಣ್ಣೆಗಳನ್ನು ಬಸಿದು ತೆಗೆಯುತ್ತಾರೆ, ಟೈರುಗಳ ಮೇಲೆ ಭಾರ ಬೀಳದಂತೆ ಕೆಳಗೆ ಆಧಾರ ಕೊಡುತ್ತಾರೆ, ತೂತುಗಳನ್ನೆಲ್ಲ ಮುಚ್ಚುತ್ತಾರೆ. ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಆಸನವಿದ್ದರೆ ಅದರ ಸ್ಫೋಟಕವನ್ನು ಮೊದಲು ತೆಗೆಯಬೇಕು. ಕತ್ತಲೆಯಲ್ಲಿ ಕಾಣಲೆಂದು ಹಳೆಯ ಗಡಿಯಾರಗಳಂಥ ಮಾಪಕಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಅದರ ವಿಕಿರಣದ ಬಗ್ಗೆಯೂ ಎಚ್ಚರ ಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ತಲೆಯ ಮೇಲೊಂದು ಸೂರು. ಸೂರಿಲ್ಲದೆ ಬಿಸಿಲು ಮಳೆಗೆ ನಿಂತ ವಿಮಾನಕ್ಕೆ ಎಷ್ಟು ಸಲ ಬಣ್ಣ ಬಳಿದರೂ ಅದು ಮೆಲ್ಲಮೆಲ್ಲನೆ ಸಾಯುತ್ತಲೇ ಇರುತ್ತದೆ.

ಬಣ್ಣದ ಮಾತು ಬಂದದ್ದರಿಂದ ಇನ್ನೊಂದು ಸೂಕ್ಷ್ಮವನ್ನು ಹೇಳಬೇಕು. ಬೆಂಗಳೂರಿನಲ್ಲಿ ಮರುಹುಟ್ಟು ಪಡೆದ ಒಂದು ಲಿಬರೇಟರ್ ಮುಂದೆ ಅಮೆರಿಕ ಸೇರಿ, ಹೊಸದಾಗಿ ಸಜ್ಜುಗೊಂಡು, 1989ರಲ್ಲಿ ಮತ್ತೆ ಹಾರಿತು. ಅದನ್ನು ನೋಡಿ ಸಾವಿರಾರು ಜನ ಹಿಗ್ಗಿದರು. ಆದರೆ ಅದರ ಮೈಮೇಲಿದ್ದದ್ದು ಅಮೆರಿಕದ ವಾಯುಪಡೆಯ ಗುರುತುಗಳು. ಅದು ಬ್ರಿಟಿಷರ ಬಳಿ, ಆಮೇಲೆ ಇಪ್ಪತ್ತು ವರ್ಷದಷ್ಟು ಕಾಲ ಭಾರತದಲ್ಲಿ ದುಡಿದದ್ದು ಆ ಬಣ್ಣದಲ್ಲಿ ಕಾಣುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಹಳೆಯ ಶಾಸನದ ಮೇಲೆ ಸುಣ್ಣ ಬಳಿದುಬಿಡುತ್ತಾರೆ. ಗೋಡೆ ಅಚ್ಚುಕಟ್ಟಾಗಿ ಕಾಣುತ್ತದೆ, ಅಕ್ಷರ ಮುಚ್ಚಿಹೋಗುತ್ತದೆ. ಇದೂ ಹಾಗೆಯೇ. ಮತ್ತೆ ಹಾರಿಸಬೇಕಾದರೆ ಹಳೆಯ ಭಾಗಗಳನ್ನು ತೆಗೆದು ಹೊಸದನ್ನು ಹಾಕಲೇಬೇಕು. ಹಾಗೆ ಹಾಕುತ್ತಾ ಹೋದಂತೆ ಮೂಲ ವಸ್ತು ಕಡಿಮೆಯಾಗುತ್ತದೆ. ಆದ್ದರಿಂದಲೇ ಇಂದು ಅನೇಕ ಸಂರಕ್ಷಕರು ಹಳೆಯ ಬಣ್ಣದ ಪದರಗಳನ್ನು, ದುರಸ್ತಿಯ ತೇಪೆಗಳನ್ನು ಕಿತ್ತುಹಾಕದೆ ದಾಖಲಿಸಿ ಉಳಿಸಿಕೊಳ್ಳುತ್ತಾರೆ. ಕೆಲಸಗಾರನೊಬ್ಬ ಬಡಿದ ರಿವೆಟ್ಟಿನ ಸಾಲೂ ಚರಿತ್ರೆಯೇ ತಾನೆ?

ಯುದ್ಧದ ಯಂತ್ರವನ್ನು ಪ್ರದರ್ಶಿಸುವುದು ಸರಿಯೇ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಲಿಬರೇಟರ್‌ನ ಹೊಟ್ಟೆಯಲ್ಲಿದ್ದದ್ದು ಬಾಂಬು. ಅದು ಬಿದ್ದಲ್ಲಿ ಮನುಷ್ಯರಿದ್ದರು. ಅದರೊಳಗೆ ಕುಳಿತು ಹೋದ ತರುಣರಲ್ಲಿ ಬಹಳ ಮಂದಿ ಹಿಂದಿರುಗಲಿಲ್ಲ. ಒಳ್ಳೆಯ ವಸ್ತುಸಂಗ್ರಹಾಲಯ ಎಂಜಿನ್ನಿನ ಅಶ್ವಶಕ್ತಿಯನ್ನು ಮಾತ್ರ ಬರೆದು ಸುಮ್ಮನಾಗುವುದಿಲ್ಲ; ಈ ಮಾತನ್ನೂ ಹೇಳುತ್ತದೆ. ವಿಮಾನವನ್ನೇ ಕರಗಿಸಿಬಿಟ್ಟರೆ ಈ ಪ್ರಶ್ನೆ ಕೇಳುವ ಸಂದರ್ಭವೂ ಕರಗಿಹೋಗುತ್ತದೆ.

2025ರ ಸೆಪ್ಟೆಂಬರಿನಲ್ಲಿ ನಮ್ಮ ವಾಯುಪಡೆ ಮಿಗ್-21 ವಿಮಾನಗಳಿಗೆ ವಿದಾಯ ಹೇಳಿತು. ಆರು ದಶಕಗಳ ಸೇವೆ ಅವುಗಳದು. ಅವುಗಳಲ್ಲಿ ಕೆಲವು ನಮ್ಮ ಶಾಲೆ, ಕಾಲೇಜು, ವೃತ್ತಗಳ ಮುಂದೆ ಬಂದು ನಿಂತರೆ, ಅವುಗಳ ಮುಂದಿನ ಗತಿ ನಮ್ಮ ಕೈಯಲ್ಲಿದೆ. ಬೆಂಗಳೂರಿನ ಎಚ್.ಎ.ಎಲ್. ಬಳಿ 2001ರಲ್ಲಿ ಆರಂಭವಾದ ವೈಮಾನಿಕ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ವಿಮಾನದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಿ, ಬೇಡವೆನ್ನುವುದಿಲ್ಲ. ಜೊತೆಗೆ ಮೂರು ಪ್ರಶ್ನೆಗಳನ್ನೂ ಕೇಳಿ. ಇದನ್ನು ಕಟ್ಟಿದವರು ಯಾರು? ಹಾರಿಸಿದವರು, ದುರಸ್ತಿ ಮಾಡಿದವರು ಯಾರು? ಈಗ ಕಾಣುತ್ತಿರುವುದರಲ್ಲಿ ಮೂಲದ್ದು ಎಷ್ಟು? ಉತ್ತರ ಫಲಕದಲ್ಲಿ ಇಲ್ಲದಿದ್ದರೆ ಅಲ್ಲಿನ ಸಿಬ್ಬಂದಿಯನ್ನು ವಿಚಾರಿಸಿ. ನಿಮ್ಮ ನೆರೆಯಲ್ಲಿ ಹಳೆಯ ವಿಮಾನ ಕಾರ್ಖಾನೆಯಲ್ಲಿ ದುಡಿದ ಹಿರಿಯರಿದ್ದರೆ ಅವರ ಮಾತನ್ನು ಬರೆದಿಟ್ಟುಕೊಳ್ಳಿ. ಲೋಹವನ್ನು ಉಳಿಸಲು ಸೂರು ಬೇಕು. ಅದರ ಕಥೆಯನ್ನು ಉಳಿಸಲು ಕೇಳುವವರು ಬೇಕು. ಆ ಎರಡನೆಯ ಕೆಲಸವನ್ನು ನೀವು ಇಂದೇ ಆರಂಭಿಸಬಹುದು.